ನೋಡಕ್ಕಾ, ತಿನ್ನಕ್ಕಾ? ಚಳ್ಳಕೆರೆ ರಸ್ತೆಯ ನರ್ಸರಿ ಮತ್ತು ನನ್ನ ಕಾಶಿ ಕಣಗಿಲೆ

ಐದಕ್ಕೆ ನಾಲ್ಕು ಸ್ಟಾರ್ ಕೊಟ್ಟಿದ್ದೀನಿ. ಒಂದು ಕಡಿಮೆ ಮಾಡಿದ್ದು ಮಣ್ಣಿಗೆ. ಅದು ಆಮೇಲೆ ಬರುತ್ತೆ.

ಚಿತ್ರದುರ್ಗದಿಂದ ಚಳ್ಳಕೆರೆ ಕಡೆ ಹೊರಟರೆ ಊರು ಮುಗಿಯೋ ಹೊತ್ತಿಗೆ ಎಡಗಡೆ ಹಸಿರು ಬಲೆ ಕಟ್ಟಿದ ಜಾಗ ಸಿಗುತ್ತೆ. ಬೋರ್ಡ್ ಇದೆ, ಆದರೆ ದುರ್ಗದ ಬಿಸಿಲಿಗೆ ಅಕ್ಷರವೆಲ್ಲ ಹಾರಿಹೋಗಿ ಮೂಲೆಯಲ್ಲಿ ಒಂದು ಗುಲಾಬಿ ಚಿತ್ರ ಮಾತ್ರ ಉಳಿದಿದೆ. ನಡೆಸೋರು ಒಬ್ಬ ಹೆಣ್ಣುಮಗಳು, ನಲವತ್ತರ ಆಸುಪಾಸು. ನನಗಿಂತ ಇಪ್ಪತ್ತು ವರ್ಷ ಚಿಕ್ಕೋರು, ಆದರೂ ನಾನು ಅಕ್ಕ ಅಂತಲೇ ಕರೆಯೋದು. ಇಪ್ಪತ್ತೆಂಟು ವರ್ಷ ಬಸ್ ಕಂಡಕ್ಟರ್ ಆಗಿದ್ದೋನು ನಾನು. ಅಕ್ಕ, ಅಮ್ಮ ಅನ್ನದೆ "ಸ್ವಲ್ಪ ಒಳಗೆ ನಡೀರಿ" ಅಂದರೆ ಯಾವ ಹೆಂಗಸೂ ಒಳಗೆ ನಡೆಯಲ್ಲ.

ನಾನು ಅಲ್ಲಿಗೆ ಮೊದಲು ಹೋಗಿದ್ದು ಹೋದ ವರ್ಷ ಮೃಗಶಿರ ಮಳೆ ಹೊತ್ತಿಗೆ. ಕಾರಣ ಶುಗರ್. ಒಂಬತ್ತು ವರ್ಷದಿಂದ ಮಾತ್ರೆ ನುಂಗ್ತಿದ್ದೀನಿ. ಬೆಳಗ್ಗೆ ಕೋಟೆ ಕಡೆ ವಾಕಿಂಗ್ ಹೋಗ್ತೀವಿ ನಾವು ಐದಾರು ಜನ ರಿಟೈರ್ಡ್ ಗಿರಾಕಿಗಳು. ಅದರಲ್ಲೊಬ್ಬರು ಹೇಳಿದ್ರು, ಕಾಶಿ ಕಣಗಿಲೆ ಹೂವು ಖಾಲಿ ಹೊಟ್ಟೇಲಿ ದಿನಕ್ಕೆ ಏಳು ಅಗಿದು ನುಂಗಿದರೆ ಮಾತ್ರೆ ಡಬ್ಬಿ ಎಸೀಬಹುದು ಅಂತ. ಏಳೇ ಯಾಕೆ, ಆರು ಯಾಕಲ್ಲ ಅಂತ ಕೇಳಿದೆ. "ಏಳು ಅಂದ್ರೆ ಏಳು" ಅಂದ್ರು. ಪಕ್ಕದ ಮನೆ ಕಾಂಪೌಂಡಲ್ಲಿ ಒಂದು ಪೊದೆ ಇತ್ತು, ಅಲ್ಲೇ ಶುರು ಮಾಡಿದೆ. ಹದಿನೈದು ದಿನಕ್ಕೆ ಆ ಮನೆಯಮ್ಮ ನಮ್ಮ ಮನೆಯೋಳ ಹತ್ತಿರ, "ನಿಮ್ಮೆಜಮಾನರು ನಮ್ಮ ದೇವರಿಗೆ ಒಂದು ಹೂವು ಉಳಿಸ್ತಿಲ್ಲ" ಅಂದಿದ್ದಾರೆ. ಮಾನ ಹೋಯ್ತು. ಸ್ವಂತ ಗಿಡ ಇಟ್ಕೊಳ್ಳೋಣ ಅಂತ ಸ್ಕೂಟರ್ ಹತ್ತಿದೆ.

"ಹತ್ತು ಕಾಶಿ ಕಣಗಿಲೆ ಗಿಡ ಕೊಡಿ ಅಕ್ಕ" ಅಂದೆ.

"ನೋಡಕ್ಕಾ, ತಿನ್ನಕ್ಕಾ ಅಣ್ಣ?"

ಇಷ್ಟು ವರ್ಷದಲ್ಲಿ ಯಾವ ಅಂಗಡಿಯಲ್ಲೂ ಇಂಥ ಪ್ರಶ್ನೆ ಕೇಳಿರಲಿಲ್ಲ. "ಶುಗರ್‌ಗೆ" ಅಂದೆ. ಅವರು ಕೈಯಲ್ಲಿದ್ದ ನೀರಿನ ಪೈಪು ಕೆಳಗಿಟ್ಟರು. "ತಿನ್ನಕ್ಕಾದರೆ ಒಂದೂ ಕೊಡಲ್ಲ. ನೋಡಕ್ಕಾದರೆ ಮೂರು ಸಾಕು, ತಗೊಂಡೋಗಿ."

ವ್ಯಾಪಾರ ಬೇಡ ಅನ್ನೋ ವ್ಯಾಪಾರಸ್ಥರನ್ನ ನಾನು ಅವತ್ತೇ ನೋಡಿದ್ದು. ಯಾಕಮ್ಮ ಅಂದೆ. ಅವರ ಅಣ್ಣನ ಮಗನಿಗೆ ನಾಲ್ಕನೇ ವಯಸ್ಸಲ್ಲಿ ಬ್ಲಡ್ ಕ್ಯಾನ್ಸರ್ ಆಗಿತ್ತಂತೆ. ಬೆಂಗಳೂರಿನ ಆಸ್ಪತ್ರೆಯಲ್ಲಿ ವಿನ್‌ಕ್ರಿಸ್ಟಿನ್ ಅಂತ ಒಂದು ಇಂಜೆಕ್ಷನ್ ಕೊಡ್ತಿದ್ರಂತೆ. ನರ್ಸಮ್ಮ ಹೇಳಿದ್ದು, ಇದು ನಿಮ್ಮೂರ ಬೇಲಿಯಲ್ಲಿರೋ ನಿತ್ಯಪುಷ್ಪದಿಂದಲೇ, ಅಂದ್ರೆ ಇದೇ ಕಾಶಿ ಕಣಗಿಲೆಯಿಂದಲೇ ತೆಗೆಯೋದು ಅಂತ. "ವಾರಕ್ಕೊಂದು ಸಲ ಅಣ್ಣ, ಇಷ್ಟೇ ಇಷ್ಟು ಸಿರಿಂಜು. ಅಷ್ಟಕ್ಕೇ ಮಗೂಗೆ ಕಾಲು ಬೆರಳು ಜೋಮು ಹಿಡಿಯೋದು, ಮಲ ಕಟ್ಟೋದು. ರಕ್ತ ನೋಡಿ, ಮೈ ಅಳತೆ ನೋಡಿ ಲೆಕ್ಕ ಹಾಕಿ ಕೊಡ್ತಿದ್ರು. ನೀವು ಏಳು ಹೂವು ಅಂತ ಎಣಿಸ್ತೀರಿ. ಒಂದು ಹೂವಲ್ಲಿ ಎಷ್ಟಿದೆ ಅಂತ ನಿಮಗೆ ಗೊತ್ತಾ, ನನಗೆ ಗೊತ್ತಾ?" ಆ ಹುಡುಗ ಈಗ ಎಂಟನೇ ಕ್ಲಾಸು. ನಾನು ಹೋದಾಗ ಅಲ್ಲೇ ಕುಂಡಗಳ ಮಧ್ಯೆ ಟೆನಿಸ್ ಬಾಲ್ ಬೀಸ್ತಾ ಇದ್ದ. ಒಂದು ಕುಂಡ ಒಡೆದು ಅತ್ತೆ ಹತ್ತಿರ ಬೈಸಿಕೊಂಡ.

ಗಿಡಕ್ಕೆ ಇಪ್ಪತ್ತು ರೂಪಾಯಿ, ಮೂರಕ್ಕೆ ಅರವತ್ತು. ನೂರರ ನೋಟು ಕೊಟ್ಟೆ, ನಲವತ್ತು ಚಿಲ್ಲರೆ ತಕ್ಷಣ ವಾಪಸ್ ಬಂತು. ಟಿಕೆಟ್ ಹಿಂದೆ ಬಾಕಿ ಬರೆದು "ಇಳಿಯೋವಾಗ ಇಸ್ಕೊಳ್ಳಿ" ಅಂತ ಜೀವಮಾನ ಕಳೆದ ನನಗೆ ಇದು ದೊಡ್ಡ ಗುಣ.

ಬುದ್ಧಿ ಹೇಳಿದ್ರು, ಕೇಳಿದೆನಾ? ಇಲ್ಲ. ಮೂರು ಗಿಡದಲ್ಲಿ ದಿನಕ್ಕೆ ಏಳು ಹೂವು ಬರ್ತಿರಲಿಲ್ಲ, ಅದಕ್ಕೆ ಕಮ್ಮಿ ಬಿದ್ದಷ್ಟು ಎಲೆ ಸೇರಿಸಿ ಅಗಿದೆ. ಕಹಿ ಅಂದ್ರೆ ಬೇವಿನ ಕಹಿಯಲ್ಲ, ನಾಲಿಗೆಯ ಹಿಂದೆ ಕೂತು ಮಧ್ಯಾಹ್ನದ ಮುದ್ದೆವರೆಗೂ ಎದ್ದೇಳದ ಕಹಿ. ಮೂರನೇ ವಾರ ಒಂದು ದಿನ ಮಾತ್ರೆ ನುಂಗಿ, ಹೂವು ಅಗಿದು, ನಾಷ್ಟಾ ಮಾಡದೆ ಕೋಟೆ ಹತ್ತಿದೆ. ಏಕನಾಥೇಶ್ವರಿ ಗುಡಿ ತಲುಪೋ ಮುಂಚೆ ಮೈಯೆಲ್ಲ ಬೆವರು, ಕೈ ನಡುಕ, ಎದುರಿಗೆ ಬಂಡೆ ಎರಡೆರಡು ಕಾಣ್ತಿವೆ. ಜೊತೆಗಿದ್ದೋರು ಬಾಯಿಗೆ ಪೆಪ್ಪರ್‌ಮೆಂಟ್ ತುರುಕಿ, ಕೂರಿಸಿ, ನಿಧಾನಕ್ಕೆ ಕೆಳಗಿಳಿಸಿ ಕ್ಲಿನಿಕ್‌ಗೆ ಕರಕೊಂಡು ಹೋದ್ರು. ಪೆಪ್ಪರ್‌ಮೆಂಟ್ ತಿಂದ ಮೇಲೂ ಮೀಟರ್‌ನಲ್ಲಿ ಸಕ್ಕರೆ ಬರೀ 58.

ಡಾಕ್ಟರು ಮಾತ್ರೆ ಚೀಟಿ ನೋಡಿ, "ಇದರ ಜೊತೆ ಇನ್ನೇನು ತಗೋತೀರಿ?" ಅಂದ್ರು. ಹೂವು ಅಂದೆ. ಪೆನ್ನು ಕೆಳಗಿಟ್ಟರು. (ಅವತ್ತಿಗೆ ಈ ಹೂವಿನ ಹೆಸರು ಕೇಳಿ ಕೈಯಲ್ಲಿದ್ದದ್ದು ಕೆಳಗಿಟ್ಟೋರು ಇಬ್ಬರಾದ್ರು.) ಬಿಳಿ ರಕ್ತಕಣದ ಲೆಕ್ಕವನ್ನೂ ನೋಡಿಸಿದ್ರು. ಪುಣ್ಯಕ್ಕೆ ಸರಿಯಿತ್ತು. ಆ ಐವತ್ತೆಂಟರಲ್ಲಿ ಹೂವಿನ ಪಾಲೆಷ್ಟು, ನಾಷ್ಟಾ ಬಿಟ್ಟ ನನ್ನ ಪಾಲೆಷ್ಟು ಅಂತ ನಾನು ಹಂಚಕ್ಕೆ ಹೋಗಲ್ಲ. ಹೂವು ಬಿಟ್ಟೆ, ನಾಷ್ಟಾ ಹಿಡಿದೆ.

ಮಗಳು ಬಿ.ಫಾರ್ಮಾ ಓದಿದೋಳು. ಫೋನಲ್ಲಿ ಅರ್ಧ ಗಂಟೆ ಬೈದು, ಆಮೇಲೆ ಕಥೆ ಹೇಳಿದಳು. 1952ರಲ್ಲಿ ಕೆನಡಾದ ಕ್ಲಾರ್ಕ್ ನೋಬಲ್ ಅನ್ನೋ ಡಾಕ್ಟರಿಗೆ ಜಮೈಕಾದಿಂದ ಒಂದು ಲಕೋಟೆ ಬಂತಂತೆ, ಒಳಗೆ ಇದೇ ಗಿಡದ ಇಪ್ಪತ್ತೈದು ಎಲೆ. ಇನ್ಸುಲಿನ್ ಸಿಗದಾಗ ಅಲ್ಲಿಯ ಜನ ಶುಗರ್‌ಗೆ ಇದರ ಕಷಾಯ ಕುಡೀತಾರೆ ಅಂತ ಬರೆದಿತ್ತು. ಜಮೈಕಾದಲ್ಲೂ ನನ್ನಂಥೋರು ಇದ್ರು ಅಂತಾಯ್ತು. ಕ್ಲಾರ್ಕ್ ಆ ಎಲೆಗಳನ್ನ ತನ್ನ ತಮ್ಮ, ಸಂಶೋಧಕ ರಾಬರ್ಟ್ ನೋಬಲ್‌ಗೆ ಕಳಿಸಿದ್ರು. ರಾಬರ್ಟ್ ಇಲಿಗಳಿಗೆ ಕಷಾಯ ಕುಡಿಸಿ ನೋಡಿದ್ರೆ ಸಕ್ಕರೆ ಅಂಥದ್ದೇನೂ ಇಳೀಲಿಲ್ಲ. ರಸವನ್ನ ಇಂಜೆಕ್ಷನ್ ಮಾಡಿದಾಗ ಇಲಿಗಳು ಸೋಂಕು ತಗುಲಿ ಸತ್ತವು, ಯಾಕಂದ್ರೆ ಬಿಳಿ ರಕ್ತಕಣ ಬಿದ್ದುಹೋಗಿತ್ತು. ಬೇರೆಯವರಾಗಿದ್ದರೆ ಎಲೆ ಎಸೆದು ಕೈ ತೊಳ್ಕೊಳ್ತಿದ್ರು. ರಾಬರ್ಟ್ ನೋಬಲ್, ಅವರ ಜೊತೆ ಕೆಲಸ ಮಾಡ್ತಿದ್ದ ಚಾರ್ಲ್ಸ್ ಬೀರ್ ಇಬ್ಬರೂ ಅಲ್ಲೇ ನಿಂತು ಯೋಚನೆ ಮಾಡಿದ್ರು, ಬಿಳಿಕಣ ಇಳಿಸೋದು ಬಿಳಿಕಣ ಹುಚ್ಚಾಪಟ್ಟೆ ಏರೋ ಕಾಯಿಲೆಗೆ ಆಗಬಹುದಲ್ವಾ ಅಂತ. 1958ರ ಹೊತ್ತಿಗೆ ಈ ಗಿಡದಿಂದ ಕ್ಯಾನ್ಸರ್ ಔಷಧಿ ವಿನ್‌ಬ್ಲಾಸ್ಟಿನ್ ಕೈಗೆ ಬಂತು. ಅಮೆರಿಕದ ಎಲಿ ಲಿಲಿ ಕಂಪನಿಯವರೂ ಅದೇ ಕಾಲಕ್ಕೆ ಇದೇ ಗಿಡದ ಹಿಂದೆ ಬಿದ್ದಿದ್ರು. ಅಲ್ಲಿಂದ ಬಂದ ವಿನ್‌ಕ್ರಿಸ್ಟಿನ್‌ಗೆ 1963ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಜೀವಕೋಶ ಎರಡಾಗೋ ಕೆಲಸವನ್ನೇ ಇದು ನಿಲ್ಲಿಸುತ್ತಂತೆ. ಮಕ್ಕಳ ರಕ್ತ ಕ್ಯಾನ್ಸರ್‌ಗೆ ಇವತ್ತಿಗೂ ಅದನ್ನ ಕೊಡ್ತಾರೆ. ನರ್ಸರಿಯ ಅಕ್ಕ ಹೇಳಿದ್ದು ಅಕ್ಷರಶಃ ನಿಜ.

"ಅಪ್ಪಾ, ಒಂದು ಗ್ರಾಂ ವಿನ್‌ಬ್ಲಾಸ್ಟಿನ್ ತೆಗೆಯಕ್ಕೆ ಸುಮಾರು ಅರ್ಧ ಟನ್ ಒಣ ಎಲೆ ಬೇಕು" ಅಂದಳು. ಐವತ್ತು ಕೇಜಿಯ ಹತ್ತು ಮೂಟೆ. ಬಸ್ಸಿನ ಟಾಪ್ ಮೇಲೆ ಏರಿಸಿದ್ರೆ ಲಗೇಜ್ ಟಿಕೆಟ್ ಹರಿದು ಕೈ ನೋಯ್ತಿತ್ತು. ಹಾಗಾದರೆ ನನ್ನ ಏಳು ಹೂವಲ್ಲಿ ಏನೂ ಇರಲ್ಲ, ತಿಂದ್ರೆ ಏನಾಗುತ್ತೆ ಅಂತ ವಾದ ಹೂಡಿದೆ. ಗಿಡದಲ್ಲಿ ಅದೊಂದೇ ಅಲ್ಲ, ಮೈಮೇಲೆ ಪರಿಣಾಮ ಮಾಡೋ ಆಲ್ಕಲಾಯ್ಡ್ ಅನ್ನೋ ರಾಸಾಯನಿಕಗಳು ನೂರಕ್ಕಿಂತ ಹೆಚ್ಚು ಬಗೆ ಇವೆ, ಬೇರಲ್ಲಿರೋ ಅಜ್ಮಲಿಸಿನ್ ರಕ್ತನಾಳಗಳನ್ನ ಸಡಿಲ ಮಾಡೋದು, ನಿನಗೆ ಬಿಪಿ ಮಾತ್ರೆ ಬೇರೆ ಇದೆ ಅಂತ ಬಾಯಿ ಮುಚ್ಚಿಸಿದಳು.

ಈ ಸಂದರ್ಭದಲ್ಲೇ ಹೇಳಿಬಿಡ್ತೀನಿ. ಆನ್‌ಲೈನ್‌ನಲ್ಲಿ ಇದರ ಪುಡಿ ಮಾರ್ತಾರೆ. ನಾನೂ ಒಂದು ಡಬ್ಬಿ ತರಿಸಿದ್ದೆ, ಹೆಸರು ಬೇಡ. "ಅಡ್ಡ ಪರಿಣಾಮ ಇಲ್ಲ" ಅಂತ ದಪ್ಪ ಅಕ್ಷರ. ಎಲೆಯೋ ಬೇರೋ ಹೂವೋ ಅಂತ ಎಲ್ಲೂ ಬರೆದಿಲ್ಲ, ದಿನಕ್ಕೆ ಎರಡು ಚಮಚ ಅಂತ ಮಾತ್ರ ಇದೆ. ಅದಕ್ಕೆ ಸ್ಟಾರ್ ಕೊಡೋ ಹಾಗಿದ್ದರೆ ಕಸದ ಬುಟ್ಟಿ ಪಕ್ಕ ಕೂತು ಕೊಡಬೇಕು.

ಗಿಡಕ್ಕೆ ಬರ್ತೀನಿ. ನೋಡಕ್ಕೆ ಅಂತ ಇಟ್ಕೊಂಡರೆ ಇದರಷ್ಟು ನಮ್ಮೂರಿಗೆ ಹೊಂದೋ ಹೂವು ಇನ್ನೊಂದಿಲ್ಲ. ಮೊಣಕಾಲುದ್ದ ಬೆಳೆಯುತ್ತೆ. ಎಲೆ ದಟ್ಟ ಹಸಿರು, ನಡುವೆ ಬಿಳಿ ಗೆರೆ. ಐದೆಸಳಿನ ಹೂವು, ನಾಟಿಯದು ನಸುಗೆಂಪು ಅಥವಾ ಬಿಳಿ, ಮಧ್ಯದಲ್ಲಿ ಒಂದು ಬೊಟ್ಟು. ಹನ್ನೆರಡು ತಿಂಗಳೂ ಬಿಡುತ್ತೆ, ಅದಕ್ಕೇ ನಿತ್ಯಪುಷ್ಪ, ಸದಾಪುಷ್ಪ ಅನ್ನೋ ಹೆಸರು. ನಮ್ಮಮ್ಮ ಕಾಶಿ ಕಣಗಿಲೆ ಅಂತಿದ್ಲು. ಕಣಗಿಲೆಯ ಕುಟುಂಬವೇ ಹೌದು, ಕಾಶಿಗೆ ಮಾತ್ರ ಸಂಬಂಧವಿಲ್ಲ. ಇದರ ತವರು ಮಡಗಾಸ್ಕರ್ ದ್ವೀಪ. ಹಡಗು ಹತ್ತಿ ಬಂದದ್ದಕ್ಕೆ ನಮ್ಮೋರು ಕಾಶಿ ಅಂತ ಹೆಸರಿಟ್ಟು ಮಡಿ ಮಾಡಿಕೊಂಡಿದ್ದಾರೆ. ನಮ್ಮ ಬೀದಿಯ ಮಲಯಾಳಿ ಬೇಕರಿಯವರು ನನ್ನ ಕುಂಡ ನೋಡಿ, "ಇದು ಶವಂನಾರಿ, ಮನೆ ಮುಂದೆ ಯಾಕೆ?" ಅಂದ್ರು. ಅವರ ಕಡೆ ಸ್ಮಶಾನದಲ್ಲಿ ಬೆಳೆಯೋ ಹೂವು. ಒಂದು ಊರಿನ ದೇವರ ಹೂವು ಇನ್ನೊಂದು ಊರಿನ ಸ್ಮಶಾನದ ಹೂವು.

ಸರ್ವೀಸಿನಲ್ಲಿದ್ದಾಗ ಇದನ್ನ ನೋಡದ ದಿನವಿಲ್ಲ, ಗಮನ ಕೊಟ್ಟಿರಲಿಲ್ಲ ಅಷ್ಟೆ. ಬಸ್ ಸ್ಟ್ಯಾಂಡಿನ ಕಾಂಪೌಂಡ್ ಬಿರುಕಲ್ಲಿ, ಹಿರಿಯೂರು ಕಡೆ ಮೋರಿ ಕಟ್ಟೆ ಪಕ್ಕ, ಹಳೇ ಗುಡಿ ಮೆಟ್ಟಿಲ ಸಂದಿಯಲ್ಲಿ. ಮಣ್ಣು ಒಂದು ಹಿಡಿ ಇದ್ದರೆ ಸಾಕು. ಮರಳು ಮಣ್ಣು, ಕಲ್ಲು ಮಣ್ಣು, ಬಿಸಿಲು, ಇವಿಷ್ಟು ಇದ್ದಲ್ಲಿ ತಾನೇ ಏಳುತ್ತೆ. ಕುರಿ ಮೇಕೆ ಮಂದೆ ಹಾದುಹೋದ ದಾರಿಯಲ್ಲಿ ಎಲ್ಲಾ ಬೋಳಾಗಿರುತ್ತೆ, ಇದೊಂದು ನಿಂತಿರುತ್ತೆ. ಮೇಕೆಗೆ ಇರೋ ಬುದ್ಧಿ ನನಗಿರಲಿಲ್ಲ.

ಇಷ್ಟು ಗಟ್ಟಿ ಗಿಡ ನನ್ನ ಮನೇಲಿ ಸತ್ತಿದ್ದು ಹೇಗೆ ಅನ್ನೋದೇ ಆ ಒಂದು ಸ್ಟಾರಿನ ಕಥೆ.

ಮೂರರಲ್ಲಿ ಒಂದು ಗಿಡ ಉತ್ತರೆ ಮಳೆ ಹಿಡಿದ ನಾಲ್ಕನೇ ದಿನ ತಲೆ ಬಗ್ಗಿಸಿತು. ಬಾಡಿದೆ ಅಂತ ಇನ್ನಷ್ಟು ನೀರು ಹಾಕಿದೆ. ಬೆಳಗ್ಗೆಗೆ ಕಾಂಡದ ಬುಡ ಕಪ್ಪು. ಕುಂಡ ಸಮೇತ ನರ್ಸರಿಗೆ ಒಯ್ದೆ. ಅಕ್ಕ ಅದನ್ನ ಬೋರಲು ಹಾಕಿ ತಟ್ಟಿ ಹೊರಗೆ ತೆಗೆದು, ಬೇರನ್ನ ಎರಡು ಬೆರಳಲ್ಲಿ ಎಳೆದು ತೋರಿಸಿದ್ರು. ಸಿಪ್ಪೆ ಹಾಗೇ ಜಾರಿ ಬಂತು, ಒಳಗಿನ ನಾರು ಒಂದೆಳೆ ಉಳೀತು. "ಬೇರು ಕೊಳೆತಿದೆ ಅಣ್ಣ. ನೀರು ನಿಂತಿದೆ." ನಾನು ಕುಂಡಕ್ಕೆ ಹಾಕಿದ್ದು ಒಳ್ಳೇ ಕೆಂಪು ಮಣ್ಣು, ನೀರು ಹೇಗೆ ನಿಲ್ಲುತ್ತೆ? ಒಡೆದು ನೋಡಿದ್ರೆ ನಡುವೆ ಕರೀ ಎರೆ ಮಣ್ಣಿನ ಹೆಂಟೆ, ಕೈಯಲ್ಲಿ ಹಿಸುಕಿದರೆ ಉಂಡೆ ಕಟ್ಟೋ ಥರ. ಅದು ಅವರದೇ ಕವರಿನ ಮಣ್ಣು. ನಾನು ಕವರ್ ಹರಿದು ಹೆಂಟೆ ಒಡೆಯದೆ ಇಟ್ಟಿದ್ದೆ. ಸುತ್ತಲಿನ ಕೆಂಪು ಮಣ್ಣು ಒಣಗಿದರೂ ನಡುವಿನ ಎರೆ ಹೆಂಟೆ ನೀರು ಹಿಡಿದು ಕೂತು ಬೇರನ್ನ ಕೊಳೆಸಿದೆ.

ಎರೆ ಮಣ್ಣು ಯಾಕೆ ತುಂಬ್ತೀರಿ ಅಂದೆ. "ಕೆಂಪು ಮಣ್ಣು ಹಾಕಿದ್ರೆ ಬೇಸಿಗೇಲಿ ದಿನಕ್ಕೆ ಎರಡು ಸಲ ನೀರು ಕೇಳುತ್ತೆ. ನಮ್ಮ ಬೋರ್ ಬರೋದೇ ಬೊಟ್ಟು ಬೊಟ್ಟು" ಅಂದ್ರು. ಮಾತು ಸರಿ, ದುರ್ಗದಲ್ಲಿ ಬೋರಿನ ಕಷ್ಟ ಗೊತ್ತಿಲ್ಲದೋರು ಯಾರು? ಆದರೆ ಮಾರೋವಾಗ "ಹೆಂಟೆ ಒಡೆದು ನೆಡಿ" ಅಂತ ಒಂದು ಮಾತು ಹೇಳಬೇಕಿತ್ತು. ತಿನ್ನಬೇಡಿ ಅಂತ ಹತ್ತು ನಿಮಿಷ ಹೇಳಿದೋರಿಗೆ ಇದು ಅರ್ಧ ನಿಮಿಷದ ಕೆಲಸ. ಒಂದು ಸ್ಟಾರ್ ಅಲ್ಲಿಗೆ ಹೋಯ್ತು. ಬದಲಿ ಗಿಡಕ್ಕೆ ದುಡ್ಡು ಇಸ್ಕೊಳ್ಳಲಿಲ್ಲ ಅನ್ನೋದನ್ನೂ ಬರೀಬೇಕು. ಕೋಟೆ ಮೇಲೆ ಬಿದ್ದ ವಿಷಯವನ್ನೂ ಅವತ್ತೇ ಒಪ್ಪಿಕೊಂಡೆ. "ನಾನು ಅವತ್ತೇ ಹೇಳಿರಲಿಲ್ವಾ" ಅನ್ನಲಿಲ್ಲ. "ಮಿಕ್ಕ ಎರಡು ಗಿಡ ಹೆಂಗಿದಾವೆ?" ಅಂತ ಕೇಳಿದ್ರು.

ಹೊಸ ಗಿಡ ನೆಟ್ಟ ಕ್ರಮ ಅವರೇ ಹೇಳಿಕೊಟ್ಟದ್ದು. ಕವರ್ ತೆಗೆದು ಬುಡವನ್ನ ಬಕೆಟ್ ನೀರಲ್ಲಿ ಅದ್ದಿ, ಎರೆ ಮಣ್ಣು ಅರ್ಧದಷ್ಟಾದರೂ ಕರಗೋವರೆಗೆ ಮೆಲ್ಲಗೆ ಅಲುಗಾಡಿಸಬೇಕು, ಬೇರು ಹರೀಬಾರದು. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ. ಕುಂಡದ ತಳದ ತೂತಿನ ಮೇಲೆ ಹೆಂಚಿನ ಚೂರು. ನೆಟ್ಟ ಮೇಲೆ ಒಂದು ವಾರ ಅರೆ ನೆರಳು, ಆಮೇಲೆ ಪೂರ್ತಿ ಬಿಸಿಲು. ಬೆರಳನ್ನ ಎರಡನೇ ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ ನೋಡಿ ಒಣಗಿದ್ದರೆ ಮಾತ್ರ ನೀರು, ಅದೂ ಬುಡಕ್ಕೆ, ಎಲೆ ಮೇಲಲ್ಲ. ಗೇಣುದ್ದ ಆದಾಗ ತುದಿ ಚಿವುಟಿದರೆ ಕವಲು ಒಡೆಯುತ್ತೆ. ಯೂರಿಯಾ ಹಾಕಬೇಡಿ, ಬರೀ ಎಲೆ ಬರುತ್ತೆ. ಜೋಗಿಮಟ್ಟಿ ಕಡೆ ಬೆಟ್ಟದ ಮೇಲೆ ಗಾಳಿಯಂತ್ರ ತಿರುಗೋದು ನಮ್ಮ ಮಾಳಿಗೆಯಿಂದ ಕಾಣುತ್ತೆ, ಅಂಥ ಗಾಳಿಗೂ ಈ ಗಿಡ ಜಗ್ಗಿಲ್ಲ. ಅದೇ ಮಾಳಿಗೆ ಮೇಲೆ ನಮ್ಮೋಳ ತುಳಸಿ ಎರಡು ಸಲ ಸುಟ್ಟುಹೋಗಿದೆ.

ಒಂದು ರೋಗ ನೋಡ್ಕೊಳ್ಳಿ. ಎಲೆ ಇದ್ದಕ್ಕಿದ್ದ ಹಾಗೆ ಚಿಕ್ಕದಾಗಿ, ಗೊಂಚಲು ಗೊಂಚಲಾಗಿ, ಹೂವು ಹಸಿರು ತಿರುಗಿದರೆ ಅದು ಕಿರು ಎಲೆ ರೋಗ. ಜಿಗಿಹುಳು ಹರಡೋದು, ಔಷಧಿ ಇಲ್ಲ. ಕಿತ್ತು ಸುಡಬೇಕು.

ನರ್ಸರಿಯಲ್ಲಿ ಇದೇ ಗಿಡದ ಹೈಬ್ರಿಡ್, ವಿಂಕಾ ಅಂತ ನಲವತ್ತು ರೂಪಾಯಿದೂ ಇಟ್ಟಿದ್ದಾರೆ. ಕಡುಕೆಂಪು, ನೇರಳೆ, ಬಿಳಿಗೆ ಕೆಂಪು ಬೊಟ್ಟು. ನೋಡಕ್ಕೆ ಚೆಂದ, ಮಳೆ ತಡೆಯಲ್ಲ. ನಾನು ಎರಡು ತಂದೆ, ಒಂದು ಹೋಯ್ತು. ನಾಟಿ ತಗೊಳ್ಳಿ, ಅದರ ಬೀಜವನ್ನೂ ಇಟ್ಕೊಬಹುದು. ಹೂವು ಬಿದ್ದ ಮೇಲೆ ಜೋಡಿ ಕಾಯಿ ನೆಟ್ಟಗೆ ನಿಲ್ಲುತ್ತೆ, ಒಂದಂಗುಲದ್ದು. ಹಸಿರು ಹೋಗಿ ಹಳದಿಗೆ ತಿರುಗಿದ ದಿನವೇ ಕೀಳಬೇಕು. ನಾಳೆ ನೋಡೋಣ ಅಂದ್ರೆ ಸೀಳಿ ಚೆಲ್ಲಿಬಿಡುತ್ತೆ. ಕರೀ ಬೀಜ, ಸಾಸಿವೆಯಷ್ಟು. ಇದಕ್ಕೆ ಮೊಳಕೆ ಬರಕ್ಕೆ ಕತ್ತಲೆ ಬೇಕು. ನಾನು ಮೊದಲ ಸಲ ಮೇಲೆ ಉದುರಿಸಿ ಬಿಸಿಲಲ್ಲಿಟ್ಟು ಕಾದೆ, ಒಂದೂ ಏಳಲಿಲ್ಲ. ಎರಡನೇ ಸಲ ತೆಳ್ಳಗೆ ಮಣ್ಣು ಮುಚ್ಚಿ ಮೇಲೆ ಗೋಣಿತಾಟು ಹೊದಿಸಿದೆ. ಹತ್ತನೇ ದಿನ ತೆಗೆದು ನೋಡಿದ್ರೆ ಮೂವತ್ತಕ್ಕಿಂತ ಹೆಚ್ಚು ಸಸಿ.

ಒಂದು ದಿನ ನಾನಿದ್ದಾಗ ಹೊಸದುರ್ಗ ಕಡೆಯ ರೈತ ಹುಡುಗನೊಬ್ಬ ಬಂದಿದ್ದ, ಇದನ್ನ ಎಕರೆಗಟ್ಟಲೆ ಬೆಳೀಬಹುದಾ ಅಂತ. ಬೆಳೀಬಹುದು. ಸಾಲಿಂದ ಸಾಲಿಗೆ 45 ಸೆಂ.ಮೀ., ಗಿಡದಿಂದ ಗಿಡಕ್ಕೆ 30. ನೇರ ಬಿತ್ತಿದರೆ ಹೆಕ್ಟೇರಿಗೆ ಎರಡೂವರೆ ಕೇಜಿ ಬೀಜ, ಸಸಿ ಮಾಡಿ ನಾಟಿ ಮಾಡಿದರೆ ಅರ್ಧ ಕೇಜಿ. ಆರು ತಿಂಗಳಿಗೆ, ಒಂಬತ್ತು ತಿಂಗಳಿಗೆ ಎಲೆ, ವರ್ಷಕ್ಕೆ ಬೇರು. ಲಖನೌದಲ್ಲಿ ಔಷಧಿ ಗಿಡಗಳ ಸಂಶೋಧನೆ ಮಾಡೋ ಸೀಮ್ಯಾಪ್ ಸಂಸ್ಥೆಯ ನಿರ್ಮಲ್, ಧವಲ್ ಅಂತ ಬಿಳಿ ಹೂವಿನ ತಳಿಗಳೂ ಇವೆ. ಇದೆಲ್ಲ ಹೇಳಿ ಅಕ್ಕ ಕೊನೆಗೆ, "ಕೊಳ್ಳೋರ ಕೈಲಿ ಮೊದಲು ಬರೆಸ್ಕೋ ತಮ್ಮ, ಆಮೇಲೆ ಬೀಜ ಕೇಳು. ಇದನ್ನ ಸಂತೇಲಿ ಸುರಿದ್ರೆ ಯಾರೂ ಮೂಸಲ್ಲ, ದನಾನೂ ತಿನ್ನಲ್ಲ" ಅಂದ್ರು. ಹುಡುಗ ಎರಡು ನುಗ್ಗೆ ಸಸಿ ತಗೊಂಡು ಹೋದ.

ಈಗ ನನ್ನ ಮಾಳಿಗೆ ಮೇಲೆ ಹದಿನಾಲ್ಕು ಕುಂಡ. ಪಕ್ಕದ ಮನೆಯಮ್ಮನಿಗೆ ದಿನಾ ಒಂದು ಬಟ್ಟಲು ಹೂವು ನಾನೇ ಕೊಟ್ಟು ಬರ್ತೀನಿ, ಹಳೇ ಬಾಕಿ. ಏಳು ಹೂವಿನ ಸಲಹೆ ಕೊಟ್ಟೋರು ಸಸಿ ಕೇಳಿದ್ರು, ಅವರಿಗೆ ಕೊಟ್ಟಿಲ್ಲ.

ಹೋಗೋರಿಗೆ: ಬೆಳಗ್ಗೆ ಎಂಟಕ್ಕೆ ತೆಗೀತಾರೆ, ಸೋಮವಾರ ಇರಲ್ಲ. ಗೇಟ್ ಹತ್ತಿರ ಕರೀ ನಾಯಿ ಇದೆ, ಬೊಗಳುತ್ತೆ, ಕಚ್ಚಲ್ಲ. ಕಾರು ನಿಲ್ಲಿಸಕ್ಕೆ ಜಾಗ ಇಲ್ಲ, ಸ್ಕೂಟರ್ ಆದರೆ ಬೇವಿನ ಮರದ ಕೆಳಗೆ. ಫೋನ್‌ಪೇ ಇದೆ ಆದರೆ ಆ ಬಲೆ ಕೆಳಗೆ ಸಿಗ್ನಲ್ ಸಿಗಲ್ಲ, ರಸ್ತೆವರೆಗೂ ಬರಬೇಕು. ಚಿಲ್ಲರೆ ತಗೊಂಡು ಹೋಗಿ.